ಹಲ್ಲಿನ ಅಳತೆ: ಯಾವ ಅಚ್ಚು ಎಷ್ಟು ಸರಿ?

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರಿಗೆ, ತಂತಿ ಕಟ್ಟಿಸಿಕೊಂಡವರಿಗೆ, ಸೆಟ್ ಮಾಡಿಸಿಕೊಂಡ ಹಿರಿಯರಿಗೆ ಈ ಅನುಭವ ಆಗಿಯೇ ಇರುತ್ತದೆ. ಡಾಕ್ಟರು ಕುದುರೆ ಲಾಳದ ಆಕಾರದ ಟ್ರೇಯಲ್ಲಿ ಮೆತ್ತನೆಯ ಹಿಟ್ಟಿನಂಥದ್ದನ್ನು ತುಂಬಿ ಬಾಯೊಳಗೆ ಒತ್ತುತ್ತಾರೆ. "ಮೂಗಿನಿಂದ ಉಸಿರಾಡಿ" ಎನ್ನುತ್ತಾರೆ. ಕೆಲವು ನಿಮಿಷ ಹಾಗೇ ಹಿಡಿದಿದ್ದು, ಗಟ್ಟಿಯಾದ ಮೇಲೆ ಒಮ್ಮೆಲೇ ಎಳೆದು ತೆಗೆಯುತ್ತಾರೆ. ನಮ್ಮ ಕಡೆ ಇದಕ್ಕೆ 'ಅಳತೆ ತೆಗೆಯುವುದು' ಎನ್ನುತ್ತಾರೆ. ಮನೆಯಲ್ಲಿ ನಾವು ಉರ್ದುವಿನಲ್ಲಿ 'ನಾಪ್' ಎನ್ನುತ್ತೇವೆ, ಟೇಲರ್ ಅಂಗಡಿಯಲ್ಲಿ ಹೇಳುವ ಅದೇ ಶಬ್ದ. ಡಾಕ್ಟರರ ಭಾಷೆಯಲ್ಲಿ ಅದು ಇಂಪ್ರೆಷನ್.

ಆ ಟ್ರೇಯಲ್ಲಿ ಉಳಿಯುವುದು ನಮ್ಮ ಹಲ್ಲಿನ ಅಚ್ಚು. ಹಲ್ಲು ಇದ್ದಲ್ಲಿ ಕುಳಿ, ಸಂದು ಇದ್ದಲ್ಲಿ ಗೋಡೆ. ಅದರೊಳಗೆ ಡೆಂಟಲ್ ಸ್ಟೋನ್ ಎಂಬ ಜಿಪ್ಸಮ್ ಪುಡಿಯನ್ನು ನೀರಿನಲ್ಲಿ ಕಲಸಿ ಸುರಿದರೆ, ಒಣಗಿದ ಮೇಲೆ ನಮ್ಮ ಹಲ್ಲಿನ ಸಾಲೇ ಕಲ್ಲಿನ ರೂಪದಲ್ಲಿ ಸಿಗುತ್ತದೆ. ಕ್ಯಾಪ್ ಮಾಡುವ ಲ್ಯಾಬಿನವರು ನಮ್ಮ ಬಾಯಿಯನ್ನು ಎಂದೂ ನೋಡಿರುವುದಿಲ್ಲ. ಅವರಿಗೆ ಆ ಕಲ್ಲೇ ನಮ್ಮ ಬಾಯಿ. ಅಚ್ಚು ತಪ್ಪಿದ್ದರೆ ಕಲ್ಲು ತಪ್ಪು, ಕಲ್ಲು ತಪ್ಪಿದ್ದರೆ ಕ್ಯಾಪ್ ತಪ್ಪು. ಮುಂದೆ ಎಷ್ಟು ದುಬಾರಿಯ ಸಾಮಗ್ರಿ ಬಳಸಿದರೂ ಮೊದಲಿನ ತಪ್ಪು ಸರಿಯಾಗುವುದಿಲ್ಲ.

ಟೇಲರ್ ಅಳತೆಯಲ್ಲಿ ಅರ್ಧ ಇಂಚು ಹೆಚ್ಚು ಕಡಿಮೆಯಾದರೆ ಹೊಲಿಗೆ ಬಿಚ್ಚಿ ಸರಿ ಮಾಡಬಹುದು. ಹಲ್ಲಿನಲ್ಲಿ ಎಷ್ಟು ರಿಯಾಯಿತಿ ಇದೆ? 1971ರಲ್ಲಿ ಮೆಕ್ಲೀನ್ ಮತ್ತು ಫಾನ್ ಫ್ರೌನ್‌ಹೋಫರ್ ಎಂಬ ಇಬ್ಬರು ಸಂಶೋಧಕರು ಸಾವಿರಕ್ಕೂ ಹೆಚ್ಚು ಕ್ಯಾಪ್ ಮತ್ತು ಫಿಲ್ಲಿಂಗುಗಳನ್ನು ಐದು ವರ್ಷ ಗಮನಿಸಿ ಒಂದು ಸಂಖ್ಯೆ ಹೇಳಿದರು. ಕ್ಯಾಪಿನ ಅಂಚು ಮತ್ತು ಹಲ್ಲಿನ ನಡುವಿನ ಸಂದು 120 ಮೈಕ್ರಾನ್ ಒಳಗಿದ್ದರೆ ನಡೆಯುತ್ತದೆ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್. ನಮ್ಮ ಝೆರಾಕ್ಸ್ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ಒಂದು ಹಾಳೆ ತೂರುವಷ್ಟು ಜಾಗ, ಅದಕ್ಕಿಂತ ಹೆಚ್ಚಿಲ್ಲ. ಸಂದು ಇದಕ್ಕಿಂತ ದೊಡ್ಡದಾದರೆ ಅಲ್ಲಿ ಸಿಮೆಂಟ್ ಕರಗುತ್ತದೆ, ಆಹಾರ ಸೇರುತ್ತದೆ, ಕ್ಯಾಪಿನ ಕೆಳಗೆ ಹಲ್ಲು ಹುಳುಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲವೂ ಫಳಫಳ ಹೊಳೆಯುತ್ತಿರುತ್ತದೆ.

'ಯಾವ ಅಚ್ಚು ಹೆಚ್ಚು ನಿಖರ' ಎಂದು ಕೇಳುವ ಮೊದಲು ನಿಖರ ಎಂದರೆ ಏನು ಎಂದು ತಿಳಿಯಬೇಕು. ಇಲ್ಲಿ ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠ ಉಪಯೋಗಕ್ಕೆ ಬರುತ್ತದೆ. ಹತ್ತಿರದ ಉದಾಹರಣೆ ನವಿಲುತೀರ್ಥದ ಆಣೆಕಟ್ಟಿನದು. ರೇಣುಕಾಸಾಗರ ತುಂಬಿದಾಗ ನೀರಿನ ಮಟ್ಟ 2079.50 ಅಡಿ ಎಂದು ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಓದುತ್ತೇವೆ. ಆ ಮಟ್ಟ ಓದುವ ಅಳತೆಪಟ್ಟಿಯನ್ನು ಹಚ್ಚುವಾಗಲೇ ಅರ್ಧ ಅಡಿ ಮೇಲೆ ಹಚ್ಚಿದ್ದರು ಎಂದು ಸುಮ್ಮನೆ ಕಲ್ಪಿಸಿಕೊಳ್ಳಿ. ಹತ್ತು ಜನ ಹತ್ತು ಸಲ ಓದಿದರೂ ಒಂದೇ ಅಂಕಿ ಬರುತ್ತದೆ, ಆದರೆ ಹತ್ತೂ ತಪ್ಪು. ಇದರಲ್ಲಿ ಸ್ಥಿರತೆ ಇದೆ, ಸರಿತನ ಇಲ್ಲ. ಇನ್ನೊಂದು ಕಡೆ, ಪಟ್ಟಿಯನ್ನು ಸರಿಯಾದ ಜಾಗದಲ್ಲೇ ಹಚ್ಚಿದ್ದಾರೆ, ಆದರೆ ಅಲೆ ಏಳುತ್ತಿರುವಾಗ ಓದುತ್ತಿದ್ದೇವೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಸರಾಸರಿ ತೆಗೆದರೆ ಸರಿ. ಇದರಲ್ಲಿ ಸರಿತನ ಇದೆ, ಸ್ಥಿರತೆ ಇಲ್ಲ. ಅಳತೆಗಳ ಬಗೆಗಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 5725 ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು ಎನ್ನುತ್ತದೆ. ಎರಡೂ ಸೇರಿದರೆ ಮಾತ್ರ ನಿಖರತೆ.

ಹಲ್ಲಿನ ಅಚ್ಚುಗಳನ್ನು ಹೋಲಿಸುವ ಪ್ರಯೋಗಗಳು ನಡೆಯುವುದೂ ಹೀಗೆಯೇ. ಲೋಹದಲ್ಲೋ ಗಟ್ಟಿ ಪ್ಲಾಸ್ಟಿಕ್ಕಿನಲ್ಲೋ ಒಂದು ಹಲ್ಲಿನ ಸಾಲಿನ ಮಾದರಿ ಮಾಡಿ, ಅದನ್ನು ಕಾರ್ಖಾನೆಯಲ್ಲಿ ಬಳಸುವ ಅತಿ ಸೂಕ್ಷ್ಮ ಯಂತ್ರದಿಂದ ಅಳೆದಿಡುತ್ತಾರೆ. ಆಮೇಲೆ ಒಂದೊಂದು ವಿಧಾನದಲ್ಲಿ ಹತ್ತು ಹತ್ತು ಅಚ್ಚು ತೆಗೆದು, ಮೂಲಕ್ಕೆ ಎಷ್ಟು ಹತ್ತಿರ, ತಮ್ಮತಮ್ಮಲ್ಲಿ ಎಷ್ಟು ಒಂದೇ ಥರ ಎಂದು ನೋಡುತ್ತಾರೆ. ಇದರಲ್ಲಿ ಒಂದು ತೊಡಕಿದೆ. ಜೀವಂತ ಮನುಷ್ಯನ ಬಾಯಿಯ 'ನಿಜವಾದ' ಅಳತೆ ಯಾರ ಬಳಿಯೂ ಇಲ್ಲ, ಏಕೆಂದರೆ ಬಾಯನ್ನು ಬಿಚ್ಚಿ ಯಂತ್ರದಲ್ಲಿ ಇಡಲು ಬರುವುದಿಲ್ಲ. ಹಾಗಾಗಿ ಸರಿತನದ ಲೆಕ್ಕಗಳು ಬಹುಪಾಲು ಮೇಜಿನ ಮೇಲಿನ ಮಾದರಿಯಿಂದ ಬಂದವು. ಮಾದರಿಗೆ ಜೊಲ್ಲು ಸುರಿಯುವುದಿಲ್ಲ, ವಾಂತಿ ಬರುವುದಿಲ್ಲ, ವಸಡಿನಿಂದ ರಕ್ತ ಒಸರುವುದಿಲ್ಲ. ಕಂಪನಿಯ ಕರಪತ್ರದಲ್ಲಿ ಅಚ್ಚಿನ ಅಂಕಿಗಳನ್ನು ಓದುವಾಗ ಇದು ನೆನಪಿನಲ್ಲಿ ಇರಬೇಕು.

ಇನ್ನು ಸಾಮಗ್ರಿಗಳು. ಸಣ್ಣ ಊರುಗಳ ದವಾಖಾನೆಗಳಲ್ಲಿ ಅತಿ ಹೆಚ್ಚು ಕಾಣುವುದು ಆಲ್ಜಿನೇಟ್. ಇದರ ಕಥೆ ರಂಜಾನ್ ತಿಂಗಳ ಅಡುಗೆಮನೆಯಿಂದ ಶುರು ಮಾಡಬಹುದು. ಇಫ್ತಾರಿಗೆ ಹಾಲಿನಲ್ಲಿ ಚೈನಾ ಗ್ರಾಸ್ ಕರಗಿಸಿ, ತಟ್ಟೆಗೆ ಸುರಿದು, ಬರ್ಫಿಯಂತೆ ಕೊಯ್ಯುತ್ತಾರಲ್ಲ, ಆ ಚೈನಾ ಗ್ರಾಸ್ ಎಂದರೆ ಅಗಾರ್, ಕೆಂಪು ಬಣ್ಣದ ಕಡಲಪಾಚಿಯಿಂದ ಬರುವ ಪದಾರ್ಥ. ಕಳೆದ ಶತಮಾನದ 1920ರ ದಶಕದಲ್ಲಿ ಹಲ್ಲಿನ ಅಚ್ಚಿಗೆ ಅಗಾರ್ ಬಳಸತೊಡಗಿದರು. ಅದಕ್ಕೂ ಮೊದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಇತ್ತು. ಅದು ಬಾಯಲ್ಲಿ ಕಲ್ಲಾಗುತ್ತಿತ್ತು, ಒಡೆದು ಚೂರುಚೂರಾಗಿ ತೆಗೆದು ಹೊರಗೆ ಜೋಡಿಸಬೇಕಾಗುತ್ತಿತ್ತು. ಬಾಗಿ ಹೊರಬಂದು ಮತ್ತೆ ಮೊದಲಿನ ಆಕಾರಕ್ಕೆ ಮರಳುವ ಅಗಾರ್ ಬಂದಾಗ ಎಲ್ಲರಿಗೂ ನಿರಾಳವಾಯಿತು. ಆದರೆ ಅಗಾರ್ ಮುಖ್ಯವಾಗಿ ಜಪಾನಿನಿಂದ ಬರುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆ ಸರಬರಾಜು ನಿಂತಿತು. ಬದಲಿ ಹುಡುಕಿದಾಗ ಸಿಕ್ಕಿದ್ದು ಕಂದು ಕಡಲಪಾಚಿಯ ಆಲ್ಜಿನೇಟ್. ಪೂರೈಕೆ ನಿಂತಾಗ ಬದಲಿ ಸರಕು ಮಾರುಕಟ್ಟೆಗೆ ಬರುತ್ತದೆ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಅದರ ಒಂದು ನಿದರ್ಶನ ಪ್ರತಿ ಹಲ್ಲಿನ ದವಾಖಾನೆಯ ಡಬ್ಬಿಯಲ್ಲಿದೆ.

ಆಲ್ಜಿನೇಟ್ ಅಗ್ಗ, ಕಲಸುವುದು ಸುಲಭ, ರುಚಿಯೂ ಕೆಟ್ಟದ್ದಲ್ಲ. ಪುಡಿಗೆ ನೀರು ಬೆರೆಸಿದರೆ ಅದರಲ್ಲಿರುವ ಕ್ಯಾಲ್ಸಿಯಂ ಸಲ್ಫೇಟ್ ಆಲ್ಜಿನೇಟಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಜೆಲ್ ಮಾಡುತ್ತದೆ. ನೀರು ಬೆಚ್ಚಗಿದ್ದರೆ ಬೇಗ ಹೆಪ್ಪುಗಟ್ಟುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಮೇಲಿನ ಟ್ಯಾಂಕಿನ ನೀರು ಹಾಕಿ ಕಲಸಿದರೆ ಟ್ರೇ ಬಾಯಿಗೆ ಹೋಗುವ ಮುಂಚೆಯೇ ಗಟ್ಟಿಯಾದೀತು, ಅದಕ್ಕೇ ತಣ್ಣೀರು ಬಳಸುತ್ತಾರೆ.

ಇದರ ಕಷ್ಟ ಬೇರೆಯದು. ಆಲ್ಜಿನೇಟ್ ಅಚ್ಚಿನ ಬಹುಭಾಗ ನೀರೇ. ಕೊಯ್ದಿಟ್ಟ ಚೈನಾ ಗ್ರಾಸ್ ಸುತ್ತ ಸ್ವಲ್ಪ ಹೊತ್ತಿಗೆ ನೀರು ಒಸರಿ ನಿಲ್ಲುತ್ತದೆ, ಹೆಪ್ಪಾದ ಮೊಸರಿನ ಮೇಲೆ ನೀರು ತೇಲುತ್ತದೆ. ಆಲ್ಜಿನೇಟ್ ಕೂಡ ಹಾಗೆಯೇ ತನ್ನ ನೀರನ್ನು ಹೊರಗೆ ಬಿಟ್ಟು ಕುಗ್ಗುತ್ತದೆ. ಗಾಳಿಗೆ ಇಟ್ಟರೆ ಇನ್ನೂ ಬೇಗ. ಕುಗ್ಗಬಾರದೆಂದು ನೀರಿನಲ್ಲಿ ಮುಳುಗಿಸಿಟ್ಟರೆ ನೀರು ಹೀರಿ ಉಬ್ಬುತ್ತದೆ. ಎರಡೂ ಕಡೆ ನಷ್ಟ. ಆದ್ದರಿಂದ ಪುಸ್ತಕದ ನಿಯಮ ಸರಳ. ಬಾಯಿಂದ ತೆಗೆದ ಹತ್ತು ಹದಿನೈದು ನಿಮಿಷದೊಳಗೆ ಕಲ್ಲು ಸುರಿಯಬೇಕು. ಅಷ್ಟರವರೆಗೆ ಒದ್ದೆ ಟಿಶ್ಯೂ ಸುತ್ತಿ ಗಾಳಿ ಆಡದ ಚೀಲದಲ್ಲಿ ಇಡಬೇಕು.

ಈಗ ನಮ್ಮ ಭೂಪಟ ನೋಡಿ. ನವಿಲುತೀರ್ಥ, ಮುನವಳ್ಳಿ, ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು. ಕ್ಯಾಪ್, ಬ್ರಿಜ್ ತಯಾರಿಸುವ ದೊಡ್ಡ ಲ್ಯಾಬುಗಳು ಹೆಚ್ಚಾಗಿ ಇರುವುದು ಬೆಳಗಾವಿ, ಹುಬ್ಬಳ್ಳಿ-ಧಾರವಾಡದಂಥ ನಗರಗಳಲ್ಲಿ. ಸವದತ್ತಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಒಂದು ತಾಸಿಗೂ ಮೇಲೆ, ಬೆಳಗಾವಿಗೆ ಇನ್ನೂ ಹೆಚ್ಚು. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆ ದಿನಗಳಲ್ಲಾದರೆ ಬಸ್ಸು ಸವದತ್ತಿ ದಾಟುವುದೇ ಒಂದು ಕಥೆ. ಹತ್ತು ಹದಿನೈದು ನಿಮಿಷದ ಅಚ್ಚನ್ನು ಎರಡು ಮೂರು ತಾಸಿನ ದಾರಿಗೆ ಕಳಿಸಿದರೆ ಏನಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ನನ್ನ ಪ್ರಕಾರ ಅಚ್ಚುಗಳ ಹೋಲಿಕೆಯಲ್ಲಿ ನಮ್ಮಂಥ ಊರಿನವರು ಮೊದಲು ನೋಡಬೇಕಾದದ್ದು ಇದನ್ನೇ. ನಿಖರತೆ ಎಂಬುದು ಸಾಮಗ್ರಿಯ ಡಬ್ಬಿಯೊಳಗೆ ಇರುವ ಗುಣವಲ್ಲ, ಬಾಯಿಂದ ಕಲ್ಲಿನವರೆಗಿನ ಇಡೀ ದಾರಿಯ ಗುಣ. ದವಾಖಾನೆಯಲ್ಲೇ ಕೂಡಲೇ ಕಲ್ಲು ಸುರಿದು, ಗಟ್ಟಿಯಾದ ಕಲ್ಲನ್ನು ಬಸ್ಸಿಗೆ ಹಾಕಿದರೆ ಆಲ್ಜಿನೇಟೂ ಅನೇಕ ಕೆಲಸಗಳಿಗೆ ಸಾಕು. ತಂತಿ ಕಟ್ಟುವ ಮುಂಚಿನ ಮಾದರಿಗೆ, ಸೆಟ್ಟಿನ ಮೊದಲ ಅಳತೆಗೆ ಅದನ್ನೇ ಎಲ್ಲೆಡೆ ಬಳಸುತ್ತಾರೆ. ದಿನಗಟ್ಟಲೆ ತಡೆಯುವ ಹೊಸ ಬಗೆಯ ಆಲ್ಜಿನೇಟುಗಳೂ ಈಗ ಇವೆ, ಬೆಲೆ ಸ್ವಲ್ಪ ಹೆಚ್ಚು. ಆದರೆ ಕ್ಯಾಪಿನ ಅಂಚಿನಂಥ ಸೂಕ್ಷ್ಮ ಕೆಲಸಕ್ಕೆ ಆಲ್ಜಿನೇಟ್ ಸಾಲದು. ಅದು ಹಿಡಿಯಬೇಕಾದ ಗೆರೆಯ ಮಾನದಂಡವೇ 50 ಮೈಕ್ರಾನ್, ಒಳ್ಳೆಯ ರಬ್ಬರ್ ಅಚ್ಚಿಗೆ 20 ಮೈಕ್ರಾನ್.

ರಬ್ಬರ್ ಅಚ್ಚುಗಳಲ್ಲಿ ಮುಖ್ಯವಾಗಿ ಮೂರನ್ನು ಹೇಳಬೇಕು. ಕಂಡೆನ್ಸೇಶನ್ ಸಿಲಿಕೋನ್, ಅಡಿಶನ್ ಸಿಲಿಕೋನ್, ಪಾಲಿಈಥರ್. ಮೊದಲನೆಯದು ಗಟ್ಟಿಯಾಗುವಾಗ ಆಲ್ಕೋಹಾಲ್ ಹೊರಬಿಡುತ್ತದೆ. ಆ ಆಲ್ಕೋಹಾಲ್ ಆರಿಹೋದಂತೆ ಅಚ್ಚು ಕುಗ್ಗುತ್ತದೆ, ಒಂದು ದಿನದಲ್ಲಿ ಸುಮಾರು ಶೇ 0.5ರಷ್ಟು. ಎರಡನೆಯದರಲ್ಲಿ ಹೀಗೆ ಆರಿಹೋಗುವ ಪದಾರ್ಥ ಇಲ್ಲ. ಅದರ ಕುಗ್ಗುವಿಕೆ ಸುಮಾರು ಶೇ 0.15 ಅಥವಾ ಅದಕ್ಕೂ ಕಡಿಮೆ. ವಾರದ ನಂತರ ಕಲ್ಲು ಸುರಿದರೂ ನಡೆಯುತ್ತದೆ, ಒಂದೇ ಅಚ್ಚಿನಿಂದ ಎರಡು ಮೂರು ಸಲ ಕಲ್ಲು ತೆಗೆಯಬಹುದು. ಬಸ್ಸಿನ ದಾರಿಗೆ ಹೇಳಿ ಮಾಡಿಸಿದ್ದು ಇದು. 1960ರ ದಶಕದಲ್ಲಿ ಬಂದ ಪಾಲಿಈಥರ್ ಒದ್ದೆ ಬಾಯಲ್ಲೂ ಚೆನ್ನಾಗಿ ಅಂಟುತ್ತದೆ, ಆದರೆ ತುಂಬ ಬಿಗಿ, ತೆಗೆಯುವಾಗ ಅಲುಗಾಡುವ ಹಲ್ಲಿಗೆ ತೊಂದರೆ. ಜೊತೆಗೆ ಅದು ನೀರು ಹೀರುತ್ತದೆ, ಒದ್ದೆ ಚೀಲದಲ್ಲಿ ಕಳಿಸಬಾರದು. ಆಲ್ಜಿನೇಟಿಗೆ ಒದ್ದೆ ಬಟ್ಟೆ ಬೇಕು, ಇದಕ್ಕೆ ಒಣ ಡಬ್ಬಿ ಬೇಕು. ಎರಡೂ ಅಚ್ಚುಗಳು ಒಂದೇ ಚೀಲದಲ್ಲಿ ಹೋದರೆ ಒಂದಲ್ಲ ಒಂದು ಕೆಡುವುದು ಖಂಡಿತ.

ಶೇ 0.5 ಮತ್ತು ಶೇ 0.15ರ ನಡುವೆ ಅಂಥ ದೊಡ್ಡ ವ್ಯತ್ಯಾಸವೇನು ಎಂದು ಅನಿಸಬಹುದು. ಬಡ್ಡಿ ಲೆಕ್ಕದಂತೆ ಯೋಚಿಸಿ. ಬಡ್ಡಿದರ ಒಂದೇ ಇದ್ದರೂ ಅಸಲು ದೊಡ್ಡದಾದಂತೆ ಬಡ್ಡಿ ದೊಡ್ಡದಾಗುತ್ತದೆ. ಒಂದು ದವಡೆ ಹಲ್ಲಿನ ಅಗಲ ಸುಮಾರು 10 ಮಿ.ಮೀ. ಅದರ ಶೇ 0.5 ಎಂದರೆ 50 ಮೈಕ್ರಾನ್, ಶೇ 0.15 ಎಂದರೆ 15 ಮೈಕ್ರಾನ್. ಎರಡೂ 120ರ ಒಳಗೇ ಇವೆ, ಒಂದು ಹಲ್ಲಿನ ಕ್ಯಾಪ್ ಎರಡರಲ್ಲೂ ಕೂರಬಹುದು. ಈಗ ಬಾಯಿಯ ಆ ಬದಿಯ ದವಡೆ ಹಲ್ಲಿನಿಂದ ಈ ಬದಿಯ ದವಡೆ ಹಲ್ಲಿನವರೆಗಿನ ದೂರವನ್ನು 50 ಮಿ.ಮೀ. ಎಂದು ಹಿಡಿಯೋಣ. ಶೇ 0.5 ದರದಲ್ಲಿ ತಪ್ಪು 250 ಮೈಕ್ರಾನ್, ಶೇ 0.15 ದರದಲ್ಲಿ 75. ಕುಗ್ಗಿದ್ದೆಲ್ಲ ನೇರವಾಗಿ ಸಂದಾಗುತ್ತದೆ ಎಂದಲ್ಲ, ಆದರೆ ಉದ್ದದ ಬ್ರಿಜ್ ಮಾಡುವಾಗ ಅಗ್ಗದ ಅಚ್ಚು ಏಕೆ ಕೈಕೊಡುತ್ತದೆ ಎನ್ನುವುದಕ್ಕೆ ಇಷ್ಟು ಲೆಕ್ಕ ಸಾಕು. 'ಆ ದವಾಖಾನೆಯಲ್ಲಿ ನನ್ನ ಕ್ಯಾಪ್ ಚೆನ್ನಾಗಿ ಕೂತಿತ್ತು, ನಮ್ಮ ಮಾಮಾನ ಬ್ರಿಜ್ ಮಾತ್ರ ಕೂರಲಿಲ್ಲ' ಎಂದು ಜನ ಹೇಳುವುದರ ಹಿಂದೆ ಕೆಲವೊಮ್ಮೆ ಈ ಗಣಿತವೇ ಇರುತ್ತದೆ.

ಇನ್ನೊಂದು ಸೊಗಸಾದ ಸಂಗತಿ ನಮ್ಮ ಅಕೌಂಟೆನ್ಸಿಗೆ ಹತ್ತಿರದ್ದು. ತಾಳೆಪಟ್ಟಿಯಲ್ಲಿ ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆಯ ತಪ್ಪು ಸರಿದೂಗಿಸಿಬಿಟ್ಟರೆ ಮೊತ್ತ ತಾಳೆಯಾಗುತ್ತದೆ, ತಪ್ಪು ಒಳಗೇ ಉಳಿಯುತ್ತದೆ ಎಂದು ಕಲಿಯುತ್ತೇವೆ. ಲೆಕ್ಕ ಬರೆಯುವವರಿಗೆ ಅದು ಪೀಡೆ. ಹಲ್ಲಿನ ಲ್ಯಾಬಿನಲ್ಲಿ ಅದನ್ನೇ ಬೇಕೆಂದು ಬಳಸುತ್ತಾರೆ. ಡೆಂಟಲ್ ಸ್ಟೋನ್ ಗಟ್ಟಿಯಾಗುವಾಗ ಚೂರು ಹಿಗ್ಗುತ್ತದೆ, ಬಗೆಗೆ ತಕ್ಕಂತೆ ಶೇ 0.1 ಅಥವಾ 0.2ರವರೆಗೆ. ಲೋಹದ ಕ್ಯಾಪ್ ಎರಕ ಹೊಯ್ದ ಮೇಲೆ ತಣಿಯುವಾಗ ಕುಗ್ಗುತ್ತದೆ. ಒಂದರ ಹಿಗ್ಗು ಇನ್ನೊಂದರ ಕುಗ್ಗನ್ನು ಆದಷ್ಟು ಹೊಡೆದುಹಾಕುವಂತೆ ಪುಡಿ-ನೀರಿನ ಪ್ರಮಾಣ ಇಟ್ಟುಕೊಳ್ಳುತ್ತಾರೆ. ಕೈಯಂದಾಜಿನಲ್ಲಿ ನೀರು ಹಾಕಿದರೆ ಆ ತಾಳೆ ತಪ್ಪುತ್ತದೆ. ಅಡಿಶನ್ ಸಿಲಿಕೋನಿನಂಥ ಒಳ್ಳೆಯ ಅಚ್ಚು ತೆಗೆದು, ಕಲ್ಲಿನ ಪುಡಿಯನ್ನು ಅಳೆಯದೆ ಕಲಸಿದರೆ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಎಂದು ಯೋಚಿಸಿ.

ಒಂದೇ ಸಾಮಗ್ರಿಯಲ್ಲೂ ಕೈಯ ವಿಧಾನ ಬೇರೆಯಾದರೆ ಫಲಿತಾಂಶ ಬೇರೆ. ಸಿಲಿಕೋನಿನಲ್ಲಿ ಕಣಕದಂಥ ಪುಟ್ಟಿ ಮತ್ತು ತೆಳ್ಳನೆಯ ವಾಶ್ ಎಂದು ಎರಡು ಇರುತ್ತವೆ. ಪುಟ್ಟಿ ದೊಡ್ಡ ಆಕಾರ ಹಿಡಿಯುತ್ತದೆ, ವಾಶ್ ಅಂಚಿನ ಗೆರೆ ಹಿಡಿಯುತ್ತದೆ. ಎರಡನ್ನೂ ಒಟ್ಟಿಗೆ ಒತ್ತುವುದು ಒಂದು ಪದ್ಧತಿ, ಸಮಯ ಉಳಿಯುತ್ತದೆ. ಆದರೆ ಗಟ್ಟಿ ಪುಟ್ಟಿ ತೆಳು ವಾಶನ್ನು ಪಕ್ಕಕ್ಕೆ ತಳ್ಳಿ, ಮುಖ್ಯವಾದ ಅಂಚಿನ ಮೇಲೆ ತಾನೇ ಕೂತುಬಿಡುವ ಅಪಾಯ ಇದೆ. ಮೊದಲು ಪುಟ್ಟಿ, ಅದು ಗಟ್ಟಿಯಾದ ಮೇಲೆ ವಾಶ್ ಹಾಕಿ ಮತ್ತೆ ಒತ್ತುವುದು ಇನ್ನೊಂದು ಪದ್ಧತಿ. ಇಲ್ಲಿ ವಾಶಿಗೆ ಜಾಗ ಬಿಡದಿದ್ದರೆ ಪುಟ್ಟಿ ಒತ್ತಡಕ್ಕೆ ಬಾಗಿ, ಹೊರಗೆ ತೆಗೆದ ಮೇಲೆ ಮರಳಿ ಚಾಚಿ, ಅಳತೆ ಚಿಕ್ಕದಾಗುತ್ತದೆ. 2000ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎರಡು ಹಂತದಲ್ಲಿ ಮಾಡಿ ನಡುವೆ ವಾಶಿಗಾಗಿ 2 ಮಿ.ಮೀ. ಸಮನಾದ ಜಾಗ ಬಿಟ್ಟ ವಿಧಾನವೇ ಎಲ್ಲಕ್ಕಿಂತ ನಿಖರ ಎಂದು ಕಂಡುಬಂತು. ಬೆಲೆ ಅಷ್ಟೇ, ಡಬ್ಬಿ ಅದೇ, ಬದಲಾದದ್ದು ತಾಳ್ಮೆ ಮಾತ್ರ. ಕೈಗವಸಿನಿಂದಲೂ ಕೆಲಸ ಕೆಡಬಹುದು. ಲೇಟೆಕ್ಸ್ ಗ್ಲೌಸಿನಲ್ಲಿರುವ ಗಂಧಕ ಅಡಿಶನ್ ಸಿಲಿಕೋನ್ ಗಟ್ಟಿಯಾಗುವುದನ್ನು ತಡೆಯುತ್ತದೆ. ಅದಕ್ಕೇ ಪುಟ್ಟಿ ಕಲಸುವಾಗ ಗ್ಲೌಸ್ ಬದಲಿಸುವ ಡಾಕ್ಟರರನ್ನು ನೋಡಿದರೆ, ಅವರಿಗೆ ಕೆಲಸ ಗೊತ್ತಿದೆ ಎಂದುಕೊಳ್ಳಬಹುದು.

ಹಿಟ್ಟೂ ಬೇಡ ಟ್ರೇಯೂ ಬೇಡ ಎನ್ನುವ ಕಾಲವೂ ಬಂದಿದೆ. ಪೆನ್ನಿಗಿಂತ ದಪ್ಪನೆಯ ಕ್ಯಾಮೆರಾ ಬಾಯೊಳಗೆ ಆಡಿಸಿದರೆ ಕಂಪ್ಯೂಟರ್ ತೆರೆಯ ಮೇಲೆ ಹಲ್ಲುಗಳು ಮೂಡುತ್ತವೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ದಂತವೈದ್ಯ ವರ್ನರ್ ಮೋರ್ಮನ್ ಮತ್ತು ಇಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಸೇರಿ ಸೆರೆಕ್ ಎಂಬ ಯಂತ್ರ ಮಾಡಿ, 1985ರಲ್ಲಿ ಮೊದಲ ಸಲ ರೋಗಿಯ ಮೇಲೆ ಬಳಸಿದರು. ಈಗ ಇಂಥ ಸ್ಕ್ಯಾನರುಗಳು ನಮ್ಮ ನಗರಗಳಿಗೂ ಬಂದಿವೆ. ಒಣಗುವ ಭಯವಿಲ್ಲ, ಬಸ್ಸು ಕಾಯಬೇಕಿಲ್ಲ, ಅಳತೆ ಇಂಟರ್ನೆಟ್ಟಿನಲ್ಲಿ ಲ್ಯಾಬಿಗೆ ಹೋಗುತ್ತದೆ. ನನ್ನ ಬಸ್ಸಿನ ವಾದಕ್ಕೆ ಇದೇ ಕೊನೆಯ ಉತ್ತರ ಎಂದು ಮೊದಲು ಅನಿಸಿತು. ಆದರೆ ಅದು ಅರ್ಧ ಉತ್ತರ.

ಸ್ಕ್ಯಾನರ್ ಒಮ್ಮೆಗೆ ಬಾಯಿಯ ಚಿಕ್ಕ ತುಂಡನ್ನು ಮಾತ್ರ ನೋಡಬಲ್ಲದು. ಆ ತುಂಡುಗಳನ್ನು ಒಂದರ ಪಕ್ಕ ಒಂದು ಹೊಲಿದು ಇಡೀ ಸಾಲು ಮಾಡುತ್ತದೆ. ಹೊಲ ಅಳೆಯುವ ಸರ್ವೆಯವರ ಸರಪಳಿ 33 ಅಡಿ. ಆ ಸರಪಳಿಯ ಅಗಲ ಮತ್ತು ಉದ್ದದ ಚೌಕವೇ ಒಂದು ಗುಂಟೆ. ಒಂದು ಸರಪಳಿ ಉದ್ದ ಅಳೆಯುವಾಗ ತಪ್ಪು ಕಡಿಮೆ. ನಲವತ್ತು ಸಲ ಸರಪಳಿ ಎತ್ತಿ ಇಟ್ಟರೆ, ಪ್ರತಿ ಸಲದ ಚಿಕ್ಕ ತಪ್ಪು ಸೇರುತ್ತಾ ಹೋಗಿ ಬದುವಿನ ಜಗಳಕ್ಕೆ ಸಾಕಾಗುತ್ತದೆ. ಸ್ಕ್ಯಾನರಿನದೂ ಅದೇ ಗತಿ. ಒಂದು ಹಲ್ಲಿನ ಕ್ಯಾಪಿಗೆ, ಮೂರು ಹಲ್ಲಿನ ಬ್ರಿಜ್ಜಿಗೆ ಅದು ಸಿಲಿಕೋನಿಗೆ ಸಮ, ಕೆಲವೊಮ್ಮೆ ಮೇಲು. ಆ ತುದಿಯಿಂದ ಈ ತುದಿಯವರೆಗೆ ಇಡೀ ಸಾಲಾದರೆ ಒಳ್ಳೆಯ ಸಿಲಿಕೋನ್ ಅಥವಾ ಪಾಲಿಈಥರ್ ಅಚ್ಚೇ ಹೆಚ್ಚು ನಂಬಿಕಸ್ತ ಎಂದು ಅನೇಕ ಹೋಲಿಕೆಗಳು ಹೇಳಿವೆ. ಯಂತ್ರಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದರಿಂದ ಈ ಅಂತರ ಕಡಿಮೆಯಾಗುತ್ತಿದೆ. ವಸಡಿನ ಕೆಳಗೆ ಅಡಗಿದ ಅಂಚು, ರಕ್ತ, ಜೊಲ್ಲು ಇವುಗಳ ಮುಂದೆ ಮಾತ್ರ ಕ್ಯಾಮೆರಾ ಸೋಲುತ್ತದೆ. ಕಾಣದ್ದನ್ನು ಅದು ಅಳೆಯಲಾರದು.

ಖರ್ಚಿನ ಲೆಕ್ಕವೂ ಇದೆ. ಸ್ಕ್ಯಾನರಿನ ಬೆಲೆ ಲಕ್ಷಗಳಲ್ಲಿ. ಅದು ಸ್ಥಿರ ವೆಚ್ಚ. ಒಂದೊಂದು ಅಚ್ಚಿಗೆ ಆಗುವ ಬದಲಾಗುವ ವೆಚ್ಚ ಅತ್ಯಲ್ಪ. ಸಿಲಿಕೋನಿನಲ್ಲಿ ಇದು ತಿರುಗುಮುರುಗು. ದಿನಕ್ಕೆ ಹತ್ತು ಕ್ಯಾಪ್ ಮಾಡುವ ನಗರದ ದವಾಖಾನೆಗೆ ಯಂತ್ರ ಬೇಗ ತನ್ನ ದುಡ್ಡು ದುಡಿಯುತ್ತದೆ. ವಾರಕ್ಕೆ ಎರಡು ಮಾಡುವ ತಾಲೂಕಿನ ದವಾಖಾನೆ ಬ್ರೇಕ್-ಈವನ್ ಮುಟ್ಟುವಷ್ಟರಲ್ಲಿ ಯಂತ್ರವೇ ಹಳೆಯದಾಗಿರುತ್ತದೆ. ಅದಕ್ಕೇ ಸಣ್ಣ ಊರಿನ ಡಾಕ್ಟರು ಸ್ಕ್ಯಾನರ್ ಇಟ್ಟಿಲ್ಲವೆಂದರೆ ಅವರು ಹಿಂದುಳಿದವರು ಎಂದಲ್ಲ.

ಇಲ್ಲಿಯವರೆಗೆ ಹಲ್ಲು ಇದ್ದವರ ಮಾತಾಯಿತು. ಹಲ್ಲೇ ಇಲ್ಲದ ಬಾಯಿಯ ಅಳತೆ ಇನ್ನೂ ಕಷ್ಟ, ಮತ್ತು ನಮ್ಮ ಮನೆಗಳಿಗೆ ಹೆಚ್ಚು ಸಂಬಂಧಿಸಿದ್ದು ಅದೇ. ನಮ್ಮ ದಾದಿಯ 'ಬತ್ತೀಸಿ' ಮಾಡಿಸಿ ಮೂರು ವರ್ಷವಾಯಿತು. ಮೇಲಿನದನ್ನು ಹಾಕಿಕೊಳ್ಳುತ್ತಾರೆ, ಕೆಳಗಿನದು ಡಬ್ಬಿಯಲ್ಲಿದೆ. ಜೋಳದ ರೊಟ್ಟಿಯನ್ನು ಸಾಲನ್‌ನಲ್ಲಿ ನೆನೆಸಿ ಮೆತ್ತಗಾದ ಮೇಲೆ ತಿನ್ನುತ್ತಾರೆ. ಅವರಿಗೆ ರೊಟ್ಟಿಗಿಂತ ಹೆಚ್ಚಿನ ಬೇಸರ ಓದಿನದು. ಕುರ್‌ಆನ್ ಪಠಣದಲ್ಲಿ ಕೆಲವು ಅರಬಿ ಅಕ್ಷರಗಳು ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲಿನ ಅಂಚಿಗೆ ತಾಗಿದರೆ ಮಾತ್ರ ಸರಿಯಾಗಿ ಬರುತ್ತವೆ. ಸಣ್ಣಂದಿನಿಂದ ಮಕ್ಕಳಿಗೆ ಓದಿಸಿದವರು ಅವರು. ಕೆಳಗಿನ ಸೆಟ್ ಎದ್ದು ಎದ್ದು ಬಂದರೆ ಮಾತು ತೊದಲುತ್ತದೆ, ತೆಗೆದಿಟ್ಟರೆ ಬಾಯಿ ಒಳಗೆ ಹೋಗುತ್ತದೆ. "ವಯಸ್ಸಾಯಿತು, ನನ್ನ ಬಾಯಿಗೆ ಹೊಂದುವುದಿಲ್ಲ ಬಿಡಪ್ಪಾ" ಎನ್ನುತ್ತಾರೆ. ಅನೇಕ ಮನೆಗಳಲ್ಲಿ ಹಿರಿಯರು ಹೇಳುವುದು ಇದನ್ನೇ. ತಪ್ಪನ್ನು ತಮ್ಮ ವಯಸ್ಸಿನ ಮೇಲೆ ಹಾಕಿಕೊಳ್ಳುತ್ತಾರೆ.

ಕೆಳಗಿನ ಸೆಟ್ ಸಡಿಲವಾಗುವುದಕ್ಕೆ ದೇಹದ ಕಾರಣವೂ ಉಂಟು. ಮೇಲಿನ ಸೆಟ್ ಇಡೀ ಅಂಗುಳವನ್ನು ಆತು ಹಿಡಿಯುತ್ತದೆ. ಕೆಳಗಿನದಕ್ಕೆ ಸಿಗುವ ಜಾಗ ಅದರ ಅರ್ಧದಷ್ಟು, ನಡುವೆ ನಾಲಿಗೆ ಸದಾ ಆಡುತ್ತಿರುತ್ತದೆ. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷ ಕಳೆದಂತೆ ಸವೆಯುತ್ತದೆ, ಕೆಳಗೆ ಇನ್ನೂ ಬೇಗ. ಹಾಗಾಗಿ ಅಂದು ಸರಿಯಿದ್ದ ಅಳತೆ ಇಂದು ಸರಿಯಿರುವುದಿಲ್ಲ. ಹೊಸ ಸೆಟ್ಟೇ ಬೇಕೆಂದೇನಿಲ್ಲ. ಹಳೆಯ ಸೆಟ್ಟನ್ನೇ ಟ್ರೇಯಂತೆ ಬಳಸಿ, ಒಳಗೆ ಅಚ್ಚಿನ ಸಾಮಗ್ರಿ ಹಚ್ಚಿ ಹೊಸ ಅಳತೆ ತೆಗೆದು, ಅಷ್ಟು ದಪ್ಪಕ್ಕೆ ಅಕ್ರಿಲಿಕ್ ತುಂಬುವ ರಿಲೈನಿಂಗ್ ಎಂಬ ದಾರಿ ಇದೆ.

ಸೆಟ್ಟಿನ ಅಳತೆಯಲ್ಲಿ ಮುಖ್ಯ ಪ್ರಶ್ನೆ ಮೈಕ್ರಾನ್ ಅಲ್ಲ. ಕೆನ್ನೆ, ತುಟಿ, ನಾಲಿಗೆ ಆಡುವಾಗ ಅಂಚು ಎಲ್ಲಿಯವರೆಗೆ ಬರಬಹುದು ಎನ್ನುವುದು. ಅದಕ್ಕೇ ಹಳೆಯ ಪದ್ಧತಿಯಲ್ಲಿ ಎರಡು ಸಲ ಅಚ್ಚು ತೆಗೆಯುತ್ತಾರೆ. ಮೊದಲ ಅಚ್ಚಿನಿಂದ ಆ ರೋಗಿಗೆಂದೇ ಒಂದು ಟ್ರೇ ಮಾಡುತ್ತಾರೆ. ಅದರ ಅಂಚಿಗೆ ಹಸಿರು ಬಣ್ಣದ ಕಡ್ಡಿಯಂಥ ಕಾಂಪೌಂಡನ್ನು ಬಿಸಿ ಮಾಡಿ ಹಚ್ಚಿ, ತುಟಿ ಎಳೆಸಿ, ನಾಲಿಗೆ ಚಾಚಿಸಿ ಅಂಚಿನ ರೂಪ ಹಿಡಿಯುತ್ತಾರೆ. ಕೊನೆಗೆ ಲವಂಗದ ವಾಸನೆಯ ಜಿಂಕ್ ಆಕ್ಸೈಡ್ ಯೂಜಿನಾಲ್ ಪೇಸ್ಟ್ ತೆಳ್ಳಗೆ ಹಚ್ಚಿ ಅಂತಿಮ ಅಚ್ಚು. ಸ್ಕ್ಯಾನರಿಗೆ ಇಲ್ಲಿ ಕೆಲಸ ಕಷ್ಟ, ಅದು ಸುಮ್ಮನಿರುವ ವಸಡನ್ನು ನೋಡುತ್ತದೆ, ಆಡುವ ಕೆನ್ನೆಯನ್ನು ಅಲ್ಲ.

ಇಷ್ಟೆಲ್ಲ ಬೇಕೇ ಎಂದು ಕೇಳಿದವರೂ ಇದ್ದಾರೆ. ಕೆನಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಪೂರ್ತಿ ಪದ್ಧತಿಯಿಂದ, ಕೆಲವರಿಗೆ ಸರಳ ಪದ್ಧತಿಯಿಂದ ಸೆಟ್ ಮಾಡಿಕೊಟ್ಟು ಕೇಳಿದರೆ, ಎರಡೂ ಗುಂಪಿನವರ ತೃಪ್ತಿ ಹೆಚ್ಚುಕಡಿಮೆ ಒಂದೇ ಇತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಒಬ್ಬರಿಗೇ ಎರಡು ಸೆಟ್ ಕೊಟ್ಟರು, ಅಂತಿಮ ಅಚ್ಚು ಒಂದಕ್ಕೆ ಸಿಲಿಕೋನ್, ಒಂದಕ್ಕೆ ಆಲ್ಜಿನೇಟ್. ಯಾವುದು ಯಾವುದೆಂದು ಅವರಿಗೆ ಹೇಳಿರಲಿಲ್ಲ. ಮೂರರಲ್ಲಿ ಎರಡು ಪಾಲು ಜನ ಸಿಲಿಕೋನಿನದನ್ನೇ ಆರಿಸಿಕೊಂಡರು. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಅನಿಸಿದ್ದು, ಹಂತಗಳನ್ನು ಕಡಿಮೆ ಮಾಡಬಹುದೇನೋ, ಕೊನೆಯ ಅಚ್ಚಿನ ಸಾಮಗ್ರಿಯಲ್ಲಿ ಉಳಿತಾಯ ಮಾಡುವುದು ಒಳ್ಳೆಯ ಉಳಿತಾಯವಲ್ಲ.

ಬೆಳಗಾವಿಯಲ್ಲಿ 1985ರಿಂದ ಕೆ.ಎಲ್.ಇ. ದಂತ ವಿಜ್ಞಾನ ಸಂಸ್ಥೆ, ಧಾರವಾಡದಲ್ಲಿ 1986ರಿಂದ ಎಸ್.ಡಿ.ಎಂ. ದಂತ ಕಾಲೇಜು, ವಿಜಯಪುರದಲ್ಲಿ ಅಲ್-ಅಮೀನ್ ದಂತ ಕಾಲೇಜು ಇವೆ. ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಮಾಡಿಕೊಡುವ ರಾಜ್ಯದ ದಂತಭಾಗ್ಯ ಯೋಜನೆ ಇಂಥ ಕಾಲೇಜುಗಳ ಮೂಲಕವೇ ಬಂದದ್ದು. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಲಿಯುತ್ತಾ ಮಾಡುವುದರಿಂದ ಹಂತಗಳನ್ನು ಬಿಡುವುದಿಲ್ಲ, ಆದರೆ ಐದಾರು ಸಲ ಹೋಗಬೇಕು. ಬಸ್ಸಿನ ದಾರಿ ಮತ್ತೆ ಬಂತು ನೋಡಿ. ಈ ಸಲ ಹೋಗಿ ಬರಬೇಕಾದದ್ದು ಅಚ್ಚಲ್ಲ, ಮೊಣಕಾಲು ನೋವಿನ ಅಜ್ಜಿ. ಜೊತೆಗೆ ಹೋಗಲು ಮನೆಯಲ್ಲಿ ಯಾರಿಗಾದರೂ ಬಿಡುವಿದ್ದರೆ ಮಾತ್ರ ಉಚಿತದ್ದು ನಿಜಕ್ಕೂ ಉಚಿತ.

ನಮ್ಮ ವಯಸ್ಸಿನವರಿಗೆ ಸಂಬಂಧಿಸಿದ್ದೂ ಒಂದಿದೆ. ಗುಟ್ಖಾ, ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಎರಡು ಬೆರಳೂ ಹೋಗದ ಬಾಯಿಗೆ ಟ್ರೇ ಹೋಗುವುದು ಹೇಗೆ? ಆಗ ಟ್ರೇಯನ್ನು ಎರಡು ಭಾಗ ಮಾಡಿ, ಅರ್ಧರ್ಧ ಅಚ್ಚು ತೆಗೆದು ಹೊರಗೆ ಜೋಡಿಸುತ್ತಾರೆ. ಜೋಡಿಸಿದಲ್ಲಿ ತಪ್ಪು ಸೇರುವುದು ಸಹಜ. ಅಂಥ ಬಾಯಿಗೆ ಯಾವ ಸಾಮಗ್ರಿಯೂ ಪೂರ್ತಿ ನಿಖರವಲ್ಲ.

ಮುಂದಿನ ಸಲ ಮನೆಯವರ ಜೊತೆ ಹಲ್ಲಿನ ದವಾಖಾನೆಗೆ ಹೋದಾಗ ಕ್ಯಾಪಿನ ಬ್ರ್ಯಾಂಡ್, ವಾರಂಟಿ ಕಾರ್ಡ್ ಕೇಳುವುದರ ಜೊತೆಗೆ ಅಚ್ಚು ಯಾವುದರಲ್ಲಿ ತೆಗೆಯುತ್ತೀರಿ, ಕಲ್ಲು ಇಲ್ಲೇ ಸುರಿಯುತ್ತೀರೋ ಲ್ಯಾಬಿಗೆ ಕಳಿಸುತ್ತೀರೋ ಎಂದೂ ಕೇಳಬಹುದು. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಟ್ರೇ ಹೊರಗೆ ಬಂದ ಮೇಲೆ ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಅಂಚಿನ ಗೆರೆ ಸುತ್ತಲೂ ಹರಿಯದೆ ಬಂದಿದೆಯೇ, ಗಾಳಿಯ ಗುಳ್ಳೆ ಎಲ್ಲಾದರೂ ಉಳಿದಿದೆಯೇ, ಸಾಮಗ್ರಿ ಟ್ರೇಯಿಂದ ಕಿತ್ತು ಎದ್ದಿದೆಯೇ, ಪುಟ್ಟಿ ವಾಶನ್ನು ದಾಟಿ ಹಲ್ಲಿಗೆ ತಾಗಿದೆಯೇ. ಇವುಗಳಲ್ಲಿ ಒಂದು ಕಂಡರೂ "ಇನ್ನೊಮ್ಮೆ ತೆಗೆಯೋಣ" ಎನ್ನುತ್ತಾರೆ. ಆ ಇನ್ನೊಮ್ಮೆಗೆ ಹಿಡಿಯುವುದು ಹತ್ತು ನಿಮಿಷ.